ಐದು ಬಿಂದುಗಳನ್ನು ಹುಡುಕುವುದು, ಅಲ್ಲಿ ನಿಲ್ಲಬಹುದೇ ಎಂದು ನೋಡುವುದು: ನಿರ್ಬಂಧಿತ ಮೂರು ಕಾಯಗಳ ಸಮಸ್ಯೆಗೆ ಕೈಲೆಕ್ಕದ ಸಮಗ್ರ ಮಾರ್ಗದರ್ಶಿ

ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಅಂದಿನಿಂದ ‘ಎಲ್1’ ಅನ್ನುವುದು ನಮ್ಮ ಕಡೆ ಹೈಸ್ಕೂಲು ಮಕ್ಕಳ ಬಾಯಲ್ಲೂ ಇದೆ. ಒಂದನ್ನೊಂದು ಸುತ್ತುವ ಎರಡು ಕಾಯಗಳ ಜೊತೆ ಸುತ್ತುವ ಹಗುರ ವಸ್ತುವಿಗೆ ಬಲಗಳು ಸರಿದೂಗುವ ಐದು ಬಿಂದುಗಳಲ್ಲಿ (ಲಗ್ರಾಂಜ್ ಬಿಂದುಗಳು, ಎಲ್1ರಿಂದ ಎಲ್5) ಅದೂ ಒಂದು. ಆದರೆ ಆ ಬಿಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲೇ ಏಕಿದೆ, ಅಲ್ಲಿಟ್ಟ ವಸ್ತು ಅಲ್ಲೇ ಉಳಿಯುತ್ತದೆಯೇ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: ‘ಎರಡೂ ಕಡೆ ಎಳೆತ ಸಮ ಇರುತ್ತೆ’. ಇದು ತಪ್ಪು. ಎಳೆತಗಳು ಅಲ್ಲಿ ಸಮ ಇಲ್ಲ. ಸಮ ಇದ್ದಿದ್ದರೂ ನಿಲ್ಲುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂಎಸ್‌ಸಿ ಮಾಡುತ್ತಿರುವವರು, ಚಿತ್ರದುರ್ಗದ ಡಿಗ್ರಿ ಕಾಲೇಜುಗಳಲ್ಲಿ ಗಣಿತ ಅಥವಾ ಭೌತಶಾಸ್ತ್ರ ಓದುತ್ತಿರುವವರು ಈ ಲೆಕ್ಕವನ್ನು ಸ್ವತಃ ಮಾಡಿ ಮುಗಿಸಲಿ ಎಂದೇ ಇದನ್ನು ಬರೆದಿದ್ದೇವೆ. ಜಾಗ ಹುಡುಕುವುದು ಅರ್ಧ ದಿನದ ಕೆಲಸ. ತಪ್ಪುಗಳು ಹೆಚ್ಚಾಗುವುದು ಸ್ಥಿರತೆಯನ್ನು ಪರೀಕ್ಷಿಸುವಾಗ, ಅಲ್ಲಿ ನಿಧಾನವಾಗಿ ಹೋಗೋಣ.

ಏನೇನು ಬೇಕು

ಪಾರ್ಷಿಯಲ್ ಡೆರಿವೇಟಿವ್ ತೆಗೆಯಲು ಬರಬೇಕು, ವರ್ಗಸಮೀಕರಣ ಬಿಡಿಸಲು ಬರಬೇಕು. ಹಿಂದಿನ ಉತ್ತರವನ್ನು ನೆನಪಿಟ್ಟುಕೊಳ್ಳುವ ‘ಆನ್ಸ್’ ಗುಂಡಿ ಇರುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಂದು ಸಾಕು. ಕೊನೆಯ ಹಂತಕ್ಕೆ ಮಾತ್ರ ಪೈಥಾನ್ ಹಾಕಿದ ಕಂಪ್ಯೂಟರ್ ಬೇಕು, ಲ್ಯಾಬಿನ ಹಳೇ ಯಂತ್ರವೇ ಆಗಬಹುದು. ಉತ್ತರಗಳನ್ನು ಆರು ದಶಮಾಂಶದವರೆಗೆ ಬರೆದುಕೊಳ್ಳಿ. ಮೂರಕ್ಕೇ ನಿಲ್ಲಿಸಿದರೆ ಮುಂದಿನ ಹಂತದಲ್ಲಿ ಘನ ಮಾಡುವಾಗ ದೋಷ ಮೂರು ಪಟ್ಟಾಗುತ್ತದೆ.

ಹಂತ 1: ಅಳತೆಗಳನ್ನು ಒಂದಕ್ಕೆ ಇಳಿಸಿ

ಎರಡು ದೊಡ್ಡ ಕಾಯಗಳು ತಮ್ಮ ದ್ರವ್ಯಕೇಂದ್ರದ ಸುತ್ತ ವೃತ್ತಾಕಾರವಾಗಿ ಸುತ್ತುತ್ತಿವೆ. ಮೂರನೆಯದು, ಅಂದರೆ ನೌಕೆ, ಎಷ್ಟು ಹಗುರ ಎಂದರೆ ಅದರ ಎಳೆತ ಆ ಎರಡಕ್ಕೂ ತಾಗುವುದಿಲ್ಲ. ‘ನಿರ್ಬಂಧಿತ’ ಎಂಬ ಮಾತಿಗೆ ಇಷ್ಟೇ ಅರ್ಥ.

ಎರಡು ಕಾಯಗಳ ನಡುವಿನ ದೂರ 1, ಒಟ್ಟು ದ್ರವ್ಯರಾಶಿ 1, ಸುತ್ತುವ ಕೋನವೇಗ 1 ಎಂದು ಇಟ್ಟುಕೊಳ್ಳಿ. ಗುರುತ್ವ ಸ್ಥಿರಾಂಕವೂ ತಾನಾಗಿ 1 ಆಗುತ್ತದೆ. ಒಂದು ಸುತ್ತಿಗೆ ಹಿಡಿಯುವ ಕಾಲ 2ಪೈ, ಅಂದರೆ 6.28319. ಚಿಕ್ಕ ಕಾಯದ ಪಾಲನ್ನು ಮ್ಯೂ ಎನ್ನೋಣ. ಭೂಮಿ–ಚಂದ್ರ ಜೋಡಿಗೆ ಮ್ಯೂ = 0.01215. ಸೂರ್ಯನಿಗೆ ಎದುರಾಗಿ ಭೂಮಿ, ಚಂದ್ರ ಎರಡನ್ನೂ ಸೇರಿಸಿ ಹಿಡಿದರೆ ಮ್ಯೂ = 0.00000304.

ದೊಡ್ಡ ಕಾಯವನ್ನು ಎಕ್ಸ್ = −ಮ್ಯೂ ಜಾಗದಲ್ಲಿಡಿ, ಚಿಕ್ಕದನ್ನು ಎಕ್ಸ್ = 1 − ಮ್ಯೂ ಜಾಗದಲ್ಲಿಡಿ. ಕೆಲವು ಪುಸ್ತಕಗಳಲ್ಲಿ ದೊಡ್ಡದು ಬಲಕ್ಕಿರುತ್ತದೆ. ಒಂದರಿಂದ ಸೂತ್ರ, ಇನ್ನೊಂದರಿಂದ ಉತ್ತರ ತೆಗೆದುಕೊಂಡು ತಾಳೆ ನೋಡಿದರೆ ಚಿಹ್ನೆಗಳೆಲ್ಲ ತಿರುಗಾಮುರುಗಾ ಆಗುತ್ತವೆ. ಹಾಳೆಯ ಮೇಲ್ತುದಿಯಲ್ಲಿ ಮೊದಲೇ ಒಂದು ಚಿತ್ರ ಬರೆದು, ಯಾವುದು ಎಲ್ಲಿ ಎಂದು ಗುರುತು ಹಾಕಿಕೊಳ್ಳಿ.

ಕಿಲೋಮೀಟರಿಗೆ ಮರಳುವಾಗ ದೂರವನ್ನು 3,84,400ರಿಂದ ಗುಣಿಸಿ. ದಿನಗಳಿಗೆ ಮರಳುವಾಗ ಕಾಲವನ್ನು 27.32 ÷ 6.28319, ಅಂದರೆ 4.348ರಿಂದ ಗುಣಿಸಿ. ಇಲ್ಲಿ 29.5 ದಿನ ಹಾಕುವವರು ಇದ್ದಾರೆ. ಅದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಆಗುವ ತಿಂಗಳು. ನಮಗೆ ಬೇಕಾದದ್ದು ನಕ್ಷತ್ರಗಳ ಹಿನ್ನೆಲೆಯಲ್ಲಿ ಚಂದ್ರ ಒಂದು ಸುತ್ತು ಮುಗಿಸುವ 27.32 ದಿನ.

ಹಂತ 2: ಸುತ್ತುವ ಚೌಕಟ್ಟಿಗೆ ಹತ್ತಿ

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಗರಗರ ಸುತ್ತುವ ಕುದುರೆಗಳ ಆಟ ಇರುತ್ತದಲ್ಲ, ಅದರ ಮೇಲೆ ಕೂತವರಿಗೆ ಎದುರು ಕುದುರೆ ನಿಂತಲ್ಲೇ ಇದ್ದಂತೆ ಕಾಣುತ್ತದೆ. ನಾವೂ ಎರಡು ಕಾಯಗಳ ಜೊತೆ ಸುತ್ತುವ ಚೌಕಟ್ಟಿನಲ್ಲಿ ಕೂರುತ್ತೇವೆ. ಆಗ ಎರಡೂ ಕಾಯಗಳು ನಿಂತಂತೆ ಕಾಣುತ್ತವೆ. ಇದಕ್ಕೆ ಬದಲಾಗಿ ಎರಡು ಹೊಸ ಬಲಗಳು ಲೆಕ್ಕಕ್ಕೆ ಸೇರುತ್ತವೆ. ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲ ಒಂದು, ಚಲಿಸುವ ವಸ್ತುವನ್ನು ಮಾತ್ರ ಪಕ್ಕಕ್ಕೆ ತಿರುಗಿಸುವ ಕೊರಿಯೊಲಿಸ್ ಬಲ ಇನ್ನೊಂದು. ಕುದುರೆ ಮೇಲಿಂದ ಎದುರಿನವರಿಗೆ ನೇರವಾಗಿ ಚೆಂಡು ಎಸೆದರೆ ಅದು ಅವರ ಕೈಗೆ ಹೋಗದೆ ಪಕ್ಕಕ್ಕೆ ವಾಲುವುದು ಈ ಎರಡನೆಯದರಿಂದ. ಇದನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತ ಪೂರ್ತಿ ನಿಂತಿರುವುದು ಇದರ ಮೇಲೆ.

ದೊಡ್ಡ ಕಾಯದಿಂದ ನೌಕೆಗೆ ಇರುವ ದೂರ ಡಿ1, ಚಿಕ್ಕದರಿಂದ ಡಿ2 ಆಗಿರಲಿ. ವೇಗಕ್ಕೆ ಒಂದು ಗೀಟು, ವೇಗೋತ್ಕರ್ಷಕ್ಕೆ ಎರಡು ಗೀಟು ಹಾಕೋಣ. ಕೇಂದ್ರಾಪಗಾಮಿ ಮತ್ತು ಎರಡು ಕಾಯಗಳ ಗುರುತ್ವ, ಈ ಮೂರನ್ನೂ ಒಟ್ಟುಗೂಡಿಸಿದ ಫಲನವನ್ನು ಒಮೆಗಾ ಎನ್ನೋಣ.

ಒಮೆಗಾ = (ಎಕ್ಸ್² + ವೈ²)/2 + (1 − ಮ್ಯೂ)/ಡಿ1 + ಮ್ಯೂ/ಡಿ2

ಎಕ್ಸ್″ − 2ವೈ′ = ಒಮೆಗಾದ ಎಕ್ಸ್-ಡೆರಿವೇಟಿವ್ = ಎಕ್ಸ್ − (1 − ಮ್ಯೂ)(ಎಕ್ಸ್ + ಮ್ಯೂ)/ಡಿ1³ − ಮ್ಯೂ(ಎಕ್ಸ್ − 1 + ಮ್ಯೂ)/ಡಿ2³

ವೈ″ + 2ಎಕ್ಸ್′ = ಒಮೆಗಾದ ವೈ-ಡೆರಿವೇಟಿವ್ = ವೈ[1 − (1 − ಮ್ಯೂ)/ಡಿ1³ − ಮ್ಯೂ/ಡಿ2³]

ಈ ಚಲನೆಯಲ್ಲಿ ಒಂದು ಸಂಖ್ಯೆ ಎಂದೂ ಬದಲಾಗುವುದಿಲ್ಲ: ಸಿ = 2 × ಒಮೆಗಾ − ವೇಗದ ವರ್ಗ. ಇದಕ್ಕೆ ಜಾಕೋಬಿ ಸ್ಥಿರಾಂಕ ಎಂದು ಹೆಸರು. ಮುಂದೆ ಕಂಪ್ಯೂಟರ್ ಲೆಕ್ಕ ಸರಿಯೋ ತಪ್ಪೋ ತಿಳಿಯಲು ನಮ್ಮ ಕೈಯಲ್ಲಿರುವ ತಕ್ಕಡಿ ಇದು. ಕೆಲವರು ಇದಕ್ಕೆ ಮ್ಯೂ(1 − ಮ್ಯೂ) ಕೂಡಿಸಿ ಬರೆಯುತ್ತಾರೆ. ನಿಮ್ಮ ಸಿ ಪುಸ್ತಕದ್ದಕ್ಕಿಂತ ಸರಿಯಾಗಿ 0.0120 ಕಡಿಮೆ ಬಂದರೆ ಕಾರಣ ಅದೇ.

ಹಂತ 3: ಐದು ಬಿಂದುಗಳು

ಸಮತೋಲನ ಬಿಂದುವಿನಲ್ಲಿ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ. ಹಾಗಾಗಿ ಮೇಲಿನ ಎರಡು ಸಮೀಕರಣಗಳ ಬಲಭಾಗ ಸೊನ್ನೆಯಾಗಬೇಕು. ವೈ ಸಮೀಕರಣದ ಆವರಣದೊಳಗಿನ ಮೊತ್ತಕ್ಕೆ ಹೆಸರಿಡೋಣ:

ಎ = (1 − ಮ್ಯೂ)/ಡಿ1³ + ಮ್ಯೂ/ಡಿ2³

ಆಗ ವೈ(1 − ಎ) = 0. ಎಕ್ಸ್ ಸಮೀಕರಣವನ್ನು ಜೋಡಿಸಿ ಬರೆದರೆ ಹೀಗಾಗುತ್ತದೆ:

ಎಕ್ಸ್(1 − ಎ) = ಮ್ಯೂ(1 − ಮ್ಯೂ)(1/ಡಿ1³ − 1/ಡಿ2³)

ಈ ಸಾಲಿಗೆ ಗುರುತು ಹಾಕಿಡಿ, ಇದು ಎರಡು ಸಲ ಕೆಲಸಕ್ಕೆ ಬರುತ್ತದೆ.

ವೈ ಸೊನ್ನೆ ಅಲ್ಲದಿದ್ದರೆ ಎ = 1. ಆಗ ಎಡಭಾಗ ಸೊನ್ನೆ, ಆದ್ದರಿಂದ ಡಿ1 = ಡಿ2. ಎ = 1 ಆಗಬೇಕಾದರೆ ಎರಡೂ 1 ಆಗಲೇಬೇಕು. ಅಂದರೆ ನೌಕೆ ಮತ್ತು ಎರಡು ಕಾಯಗಳು ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿವೆ. ಎಲ್4 = (0.5 − ಮ್ಯೂ, 0.866025), ಎಲ್5 ಅದರ ಕನ್ನಡಿ ಬಿಂಬ. ಭೂಮಿ–ಚಂದ್ರಕ್ಕೆ ಎಕ್ಸ್ = 0.48785. ಇಷ್ಟಕ್ಕೆ ಕ್ಯಾಲ್ಕುಲೇಟರೂ ಬೇಕಿಲ್ಲ. 1772ರಲ್ಲಿ ಲಗ್ರಾಂಜ್ ಈ ತ್ರಿಕೋನದ ಉತ್ತರವನ್ನು ತೋರಿಸಿದ. ಒಂದೇ ಗೆರೆಯ ಮೇಲಿನ ಉತ್ತರವನ್ನು ಆಯ್ಲರ್ 1767ರಲ್ಲೇ ಕಂಡುಕೊಂಡಿದ್ದ.

ವೈ = 0 ಆದರೆ ಗೆರೆಯ ಮೇಲಿನ ಮೂರು ಬಿಂದುಗಳು ಸಿಗುತ್ತವೆ, ಇವಕ್ಕೆ ಸುಲಭದ ಸೂತ್ರವಿಲ್ಲ. ಐದನೇ ಘಾತದ ಸಮೀಕರಣ ಬಿಡಿಸಲು ಹೋಗಬೇಡಿ, ನ್ಯೂಟನ್ ಪದ್ಧತಿ ಸಾಕು. ಎಲ್1 ಚಿಕ್ಕ ಕಾಯದಿಂದ ಒಳಕ್ಕೆ ಗಾಮಾ ದೂರದಲ್ಲಿದ್ದರೆ,

ಎಫ್ = (1 − ಮ್ಯೂ − ಗಾಮಾ) − (1 − ಮ್ಯೂ)/(1 − ಗಾಮಾ)² + ಮ್ಯೂ/ಗಾಮಾ²

ಎಫ್′ = −1 − 2(1 − ಮ್ಯೂ)/(1 − ಗಾಮಾ)³ − 2ಮ್ಯೂ/ಗಾಮಾ³

ಎಫ್′ನ ಮೂರು ಪದಗಳೂ ಋಣ. ಹಾಗಾಗಿ ಗಾಮಾ 0ಯಿಂದ 1ಕ್ಕೆ ಹೋಗುವಾಗ ಎಫ್ ಒಂದೇ ಸಮನೆ ಇಳಿಯುತ್ತದೆ, ಸೊನ್ನೆಯನ್ನು ಒಮ್ಮೆ ಮಾತ್ರ ದಾಟುತ್ತದೆ. ಎರಡು ಕಾಯಗಳ ನಡುವೆ ಬಿಂದು ಒಂದೇ ಎನ್ನುವುದಕ್ಕೆ ಇಷ್ಟು ಪುರಾವೆ ಸಾಕು.

ಮೊದಲ ಅಂದಾಜಿಗೆ ಗಾಮಾ = (ಮ್ಯೂ/3)ರ ಘನಮೂಲ. ಭೂಮಿ–ಚಂದ್ರಕ್ಕೆ 0.00405ರ ಘನಮೂಲ 0.1594. ಅಲ್ಲಿಂದ ಪ್ರತಿ ಸುತ್ತಿಗೂ ಗಾಮಾದಿಂದ ಎಫ್/ಎಫ್′ ಕಳೆಯುತ್ತಾ ಹೋದರೆ ಲೆಕ್ಕ ಹೀಗೆ ಓಡುತ್ತದೆ:

ಗಾಮಾ 0.159400: ಎಫ್ = 0.828450 − 1.398016 + 0.478189 = −0.091377, ಎಫ್′ = −10.3261. ಭಾಗಿಸಿದರೆ 0.008849, ಅದನ್ನು ಕಳೆಯಿರಿ.

ಗಾಮಾ 0.150551: ಎಫ್ = 0.837299 − 1.369041 + 0.536055 = 0.004313, ಎಫ್′ = −11.3446. ಈ ಸಲ 0.000380 ಕೂಡಬೇಕು.

ಗಾಮಾ 0.150931: ಎಫ್ = 0.000011. ಮುಂದಿನ ತಿದ್ದುಪಡಿ ಆರನೇ ದಶಮಾಂಶದಲ್ಲಿ 1 ಮಾತ್ರ.

ಗಾಮಾ 0.150932ಕ್ಕೆ ನಿಲ್ಲುತ್ತದೆ. ಎಲ್1 ಇರುವುದು ಎಕ್ಸ್ = 0.836918ರಲ್ಲಿ, ಚಂದ್ರನಿಂದ ಸುಮಾರು 58,000 ಕಿಮೀ ಈಚೆಗೆ. ಕ್ಯಾಲ್ಕುಲೇಟರಿನಲ್ಲಿ 0.1594 ಒತ್ತಿ ಸಮಚಿಹ್ನೆ ಒತ್ತಿ. ನಂತರ ಗಾಮಾ ಬರುವ ಕಡೆಯೆಲ್ಲ ‘ಆನ್ಸ್’ ಹಾಕಿ ‘ಆನ್ಸ್ − ಎಫ್/ಎಫ್′’ ಪೂರ್ತಿ ಟೈಪ್ ಮಾಡಿ. ಆಮೇಲೆ ಸಮಚಿಹ್ನೆಯನ್ನೇ ಒತ್ತುತ್ತಾ ಹೋದರೆ ಪ್ರತಿ ಒತ್ತಿಗೆ ಒಂದು ಸುತ್ತು ಆಗುತ್ತದೆ. ಟೈಪ್ ಮಾಡುವಾಗ ಆವರಣ ಬಿಟ್ಟುಹೋಗುವುದು ಸಾಮಾನ್ಯ. ಮೊದಲ ಒತ್ತಿಗೆ 0.150551 ಬರದಿದ್ದರೆ ಆವರಣಗಳನ್ನು ಎಣಿಸಿ ನೋಡಿ.

ಆರಂಭದ ಅಂದಾಜನ್ನು ಚಂದ್ರನ ತೀರಾ ಹತ್ತಿರ, 0.01 ಅಂತ ಇಟ್ಟರೆ ಉತ್ತರ ಬರುತ್ತದೆ, ಆದರೆ ಆಮೆನಡಿಗೆಯಲ್ಲಿ. ಅಲ್ಲಿ ಮ್ಯೂ/ಗಾಮಾ² ಪದವೇ ಎಲ್ಲವನ್ನೂ ನುಂಗಿಬಿಡುತ್ತದೆ, ಪ್ರತಿ ಸುತ್ತಿಗೆ ಗಾಮಾ ಒಂದೂವರೆ ಪಟ್ಟು ಮಾತ್ರ ಹಿಗ್ಗುತ್ತದೆ. ಸೂರ್ಯ–ಭೂಮಿ ಜೋಡಿಗೆ ಮಾಡುವಾಗ ಇನ್ನೊಂದು ಎಚ್ಚರ: ಎಕ್ಸ್ ಅನ್ನೇ ಹುಡುಕಬೇಡಿ, ಗಾಮಾವನ್ನು ಹುಡುಕಿ. ಅಲ್ಲಿ ಎಕ್ಸ್ 0.98999ರ ಸುಮಾರಿಗೆ ಇರುತ್ತದೆ. ಅದರಿಂದ 1 ಕಳೆದಾಗ ಒಂದೆರಡು ಅಂಕಿಗಳು ಮಾಯವಾಗುತ್ತವೆ.

ಎಲ್2 ಚಂದ್ರನ ಆಚೆಗಿದೆ. (1 − ಮ್ಯೂ + ಗಾಮಾ) − (1 − ಮ್ಯೂ)/(1 + ಗಾಮಾ)² − ಮ್ಯೂ/ಗಾಮಾ² = 0, ಆರಂಭ ಅದೇ 0.1594. ಉತ್ತರ ಗಾಮಾ 0.16783, ಎಕ್ಸ್ 1.15568, ಚಂದ್ರನಿಂದ ಸುಮಾರು 64,500 ಕಿಮೀ. ಎಲ್3 ಭೂಮಿಯ ಹಿಂದೆ, ಎಕ್ಸ್ = −1.00506. ಇದಕ್ಕೆ ನ್ಯೂಟನ್ ಕೂಡ ಬೇಡ, −(1 + 5ಮ್ಯೂ/12) ಐದು ದಶಮಾಂಶಕ್ಕೆ ಸರಿಹೋಗುತ್ತದೆ.

ತಾಳೆ ನೋಡಲು ಪ್ರತಿ ಬಿಂದುವಿನಲ್ಲೂ ವೇಗ ಸೊನ್ನೆ ಇಟ್ಟು ಸಿ ಲೆಕ್ಕ ಹಾಕಿ: ಎಲ್1ಕ್ಕೆ 3.1883, ಎಲ್2ಕ್ಕೆ 3.1722, ಎಲ್3ಕ್ಕೆ 3.0121, ಎಲ್4 ಮತ್ತು ಎಲ್5ಕ್ಕೆ 2.9880. ಈ ಇಳಿಕೆಯ ಕ್ರಮ ತಪ್ಪಿದರೆ ಎಲ್ಲೋ ಚಿಹ್ನೆ ಎಡವಟ್ಟಾಗಿದೆ.

ಈಗ ಮೊದಲಿನ ತಪ್ಪು ಮಾತಿಗೆ ಬನ್ನಿ. ಗಾಮಾ 0.150932 ಹಾಕಿ ಎಫ್‌ನ ಮೂರು ಪದಗಳನ್ನು ನೋಡಿ. ಭೂಮಿಯ ಎಳೆತ 1.370, ಚಂದ್ರನ ಎಳೆತ 0.533, ಎರಡೂವರೆ ಪಟ್ಟು ವ್ಯತ್ಯಾಸ. ನಡುವಿನ ಅಂತರ ತುಂಬುವುದು ಕೇಂದ್ರಾಪಗಾಮಿಯ 0.837.

ಹಂತ 4: ಸ್ವಲ್ಪ ತಳ್ಳಿ ನೋಡಿ

ಬಿಂದುವಿನಿಂದ ನೌಕೆಯನ್ನು ಒಂದಿಷ್ಟು ಸರಿಸಿದರೆ ಏನಾಗುತ್ತದೆ? ಬಿಂದುವಿನ ಆಸುಪಾಸಿನಲ್ಲಿ ಸಮೀಕರಣಗಳನ್ನು ನೇರಗೊಳಿಸಬೇಕು. ಅದಕ್ಕೆ ಒಮೆಗಾದ ಮೂರು ಎರಡನೇ ಡೆರಿವೇಟಿವ್‌ಗಳು ಬೇಕು:

ಪಿ (ಎಕ್ಸ್ ಎರಡು ಸಲ) = 1 − ಎ + 3(1 − ಮ್ಯೂ)(ಎಕ್ಸ್ + ಮ್ಯೂ)²/ಡಿ1⁵ + 3ಮ್ಯೂ(ಎಕ್ಸ್ − 1 + ಮ್ಯೂ)²/ಡಿ2⁵

ಕ್ಯೂ (ವೈ ಎರಡು ಸಲ) = 1 − ಎ + 3(1 − ಮ್ಯೂ)ವೈ²/ಡಿ1⁵ + 3ಮ್ಯೂ·ವೈ²/ಡಿ2⁵

ಎಸ್ (ಎಕ್ಸ್ ಒಮ್ಮೆ, ವೈ ಒಮ್ಮೆ) = 3(1 − ಮ್ಯೂ)(ಎಕ್ಸ್ + ಮ್ಯೂ)ವೈ/ಡಿ1⁵ + 3ಮ್ಯೂ(ಎಕ್ಸ್ − 1 + ಮ್ಯೂ)ವೈ/ಡಿ2⁵

ಸರಿಸಿದ ದೂರ ಕಾಲದ ಜೊತೆ ‘ಇ’ಯ ಲ್ಯಾಂಬ್ಡಾ × ಕಾಲ ಘಾತದಂತೆ ಬದಲಾಗುತ್ತದೆ ಎಂದಿಟ್ಟುಕೊಂಡು, ಲ್ಯಾಂಬ್ಡಾದ ವರ್ಗವನ್ನು ಟಿ ಎಂದು ಕರೆದರೆ, ನಾಲ್ಕನೇ ಘಾತದ ಸಮೀಕರಣ ವರ್ಗಸಮೀಕರಣವಾಗಿ ಇಳಿಯುತ್ತದೆ:

ಟಿ² + (4 − ಪಿ − ಕ್ಯೂ)ಟಿ + (ಪಿ·ಕ್ಯೂ − ಎಸ್²) = 0

ಆ 4 ಬಂದದ್ದು ಕೊರಿಯೊಲಿಸ್‌ನಿಂದ. ತೀರ್ಪು ಹೀಗೆ: ಟಿಯ ಎರಡೂ ಬೆಲೆಗಳು ನಿಜ ಸಂಖ್ಯೆಯಾಗಿ, ಋಣವಾಗಿ, ಬೇರೆ ಬೇರೆಯಾಗಿದ್ದರೆ ನೌಕೆ ಬಿಂದುವಿನ ಸುತ್ತ ತೂಗಾಡುತ್ತದೆ, ದೂರ ಹೋಗುವುದಿಲ್ಲ. ಒಂದು ಧನವಾದರೂ, ಅಥವಾ ಎರಡೂ ಕಾಲ್ಪನಿಕ ಭಾಗ ಇರುವ ಸಂಖ್ಯೆಗಳಾದರೂ, ನೌಕೆ ಓಡಿಹೋಗುತ್ತದೆ.

ಗೆರೆಯ ಮೇಲಿನ ಬಿಂದುಗಳಲ್ಲಿ ವೈ = 0, ಆದ್ದರಿಂದ ಪಿ = 1 + 2ಎ, ಕ್ಯೂ = 1 − ಎ, ಎಸ್ = 0. ಎ ಒಂದಕ್ಕಿಂತ ಹೆಚ್ಚಿದ್ದರೆ ಪಿ·ಕ್ಯೂ ಋಣ. ವರ್ಗಸಮೀಕರಣದ ಕೊನೆಯ ಪದ ಋಣವಾದರೆ ಟಿಯ ಒಂದು ಬೆಲೆ ಧನ ಆಗಿಯೇ ತೀರುತ್ತದೆ. ಎ ಯಾವಾಗಲೂ ಒಂದಕ್ಕಿಂತ ಹೆಚ್ಚೇ? ಗುರುತು ಹಾಕಿಟ್ಟ ಸಾಲಿಗೆ ಹೋಗಿ. ಎಲ್1, ಎಲ್2ಗಳಲ್ಲಿ ಡಿ2 ಚಿಕ್ಕದು, ಹಾಗಾಗಿ ಬಲಭಾಗ ಋಣ. ಎಕ್ಸ್ ಧನ, ಆದ್ದರಿಂದ 1 − ಎ ಋಣ. ಎಲ್3ರಲ್ಲಿ ಬಲಭಾಗ ಧನ, ಎಕ್ಸ್ ಋಣ, ಮತ್ತೆ 1 − ಎ ಋಣ. ಮ್ಯೂ ಎಷ್ಟೇ ಇರಲಿ, ಈ ಮೂರು ಬಿಂದುಗಳು ಅಸ್ಥಿರ. ಮೂರು ಸಾಲಿನಲ್ಲಿ ಮುಗಿಯುವ ಈ ಪುರಾವೆಯನ್ನು ಬಾಯಿಪಾಠ ಮಾಡಬೇಡಿ, ಒಮ್ಮೆ ನೀವೇ ಬರೆದು ನೋಡಿ. ಅಷ್ಟು ಚೆಂದ ಇದೆ.

ಎಷ್ಟು ಬೇಗ ಓಡಿಹೋಗುತ್ತದೆ ಎನ್ನುವುದು ಬೇರೆ ಪ್ರಶ್ನೆ, ನೌಕೆ ನಡೆಸುವವರಿಗೆ ಬೇಕಾದದ್ದು ಅದೇ. ಭೂಮಿ–ಚಂದ್ರದ ಎಲ್1ರಲ್ಲಿ ಎ = 1.6139 + 3.5337 = 5.1476. ಹಾಕಿ ನೋಡಿದರೆ ಟಿ = 8.597 ಮತ್ತು −5.449. ಲ್ಯಾಂಬ್ಡಾ = 2.932. ಅಂದರೆ 4.348 ÷ 2.932, ಸುಮಾರು ಒಂದೂವರೆ ದಿನಕ್ಕೊಮ್ಮೆ ತಪ್ಪು 2.718 ಪಟ್ಟಾಗುತ್ತದೆ. ಇಡೀ ಒಂದು ಸುತ್ತಿಗೆ, 27.32 ದಿನಕ್ಕೆ, ಸುಮಾರು 10 ಕೋಟಿ ಪಟ್ಟು. ಅಸ್ಥಿರ ದಿಕ್ಕಿನಲ್ಲಿ ಇಂದು ಒಂದು ಮಿಲಿಮೀಟರ್ ತಪ್ಪಿದರೆ ಚಂದ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಅದು 100 ಕಿಮೀ. ದಾವಣಗೆರೆಯಲ್ಲಿ ಕೂದಲೆಳೆಯಷ್ಟು ಸರಿದದ್ದು ಚಿತ್ರದುರ್ಗ ದಾಟಿ ಹಿರಿಯೂರಿನ ಸುಮಾರಿಗೆ ಹೋಗಿ ನಿಂತಂತೆ.

ಎಲ್2ರಲ್ಲಿ ಎ = 3.190, ಲ್ಯಾಂಬ್ಡಾ 2.159, ಎರಡು ದಿನಕ್ಕೊಮ್ಮೆ 2.718 ಪಟ್ಟು. ಎಲ್3ರಲ್ಲಿ ಲ್ಯಾಂಬ್ಡಾ 0.178 ಅಷ್ಟೇ, 24 ದಿನ ಹಿಡಿಯುತ್ತದೆ. ಮೂರೂ ಅಸ್ಥಿರ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ಉತ್ತರಪತ್ರಿಕೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಈಗ ಆದಿತ್ಯದ ಎಲ್1. ಮ್ಯೂ 0.00000304ಕ್ಕೆ ಗಾಮಾ 0.01001. ಅದನ್ನು 14.96 ಕೋಟಿ ಕಿಮೀಯಿಂದ ಗುಣಿಸಿದರೆ 15 ಲಕ್ಷ ಕಿಮೀ. ಎ = 4.061, ಲ್ಯಾಂಬ್ಡಾ 2.533. ಇಲ್ಲಿ ಕಾಲದ ಒಂದು ಘಟಕ ಎಂದರೆ 58.13 ದಿನ, ಹಾಗಾಗಿ ತಪ್ಪು 2.718 ಪಟ್ಟಾಗಲು 23 ದಿನ ಬೇಕು. ನಿಧಾನವಾಗಿ ಜಾರುವುದರಿಂದಲೇ ಆಗೊಮ್ಮೆ ಈಗೊಮ್ಮೆ ಸ್ವಲ್ಪ ಇಂಧನ ಸುಟ್ಟು ಕಕ್ಷೆ ತಿದ್ದಿದರೆ ಸಾಕಾಗುತ್ತದೆ. ಟಿಯ ಇನ್ನೊಂದು ಬೆಲೆ −4.353, ಅದರಿಂದ ತೂಗಾಟದ ಕೋನವೇಗ 2.086, ಅವಧಿ 6.28319 ÷ 2.086 × 58.13 = 175 ದಿನ. ಆದಿತ್ಯ ತನ್ನ ಹೇಲೋ ಕಕ್ಷೆಯಲ್ಲಿ, ಅಂದರೆ ಎಲ್1ರ ಸುತ್ತ ಹಾಕುವ ಕಕ್ಷೆಯಲ್ಲಿ, ಒಂದು ಸುತ್ತು ಹಾಕಲು ತೆಗೆದುಕೊಳ್ಳುವುದು ಸುಮಾರು 178 ದಿನ. ಕೈಲೆಕ್ಕ ಇಷ್ಟು ಹತ್ತಿರ ಬರುವುದನ್ನು ನೋಡಿದಾಗ ಆಗುವ ಖುಷಿಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ಉಳಿದ ಮೂರು ದಿನ ನಾವು ನೇರಗೊಳಿಸಿದ್ದಕ್ಕೆ ತೆತ್ತ ಬೆಲೆ, ಏಕೆಂದರೆ ನಿಜವಾದ ಕಕ್ಷೆ ಬಿಂದುವಿನಿಂದ ಲಕ್ಷಗಟ್ಟಲೆ ಕಿಲೋಮೀಟರ್ ದೂರದಲ್ಲಿ ಸುತ್ತುತ್ತದೆ. ಬಿಂದುವಿನಲ್ಲೇ ನೌಕೆ ಇಡುವುದೂ ಇಲ್ಲ. ಅಲ್ಲಿಟ್ಟರೆ ಭೂಮಿಯ ಆಂಟೆನಾ ನೌಕೆಯ ಜೊತೆ ಸೂರ್ಯನನ್ನೂ ನೇರ ನೋಡಬೇಕಾಗುತ್ತದೆ, ಸೂರ್ಯನ ರೇಡಿಯೊ ಗದ್ದಲದಲ್ಲಿ ಸಂಕೇತ ಮುಳುಗುತ್ತದೆ.

ಮೂರನೇ ದಿಕ್ಕಿಗೆ, ಅಂದರೆ ಸಮತಲದಿಂದ ಮೇಲೆ ಕೆಳಗೆ, ತೊಂದರೆಯೇ ಇಲ್ಲ. ಝಡ್″ = −ಎ × ಝಡ್, ಐದೂ ಬಿಂದುಗಳಲ್ಲಿ ಬರೀ ತೂಗಾಟ.

ಹಂತ 5: ಎಲ್4, ಗುಡ್ಡದ ತುದಿಯಲ್ಲಿ ನಿಲ್ಲುವುದು

ಒಮೆಗಾದ ಚಿಹ್ನೆ ತಿರುಗಿಸಿ ಅದನ್ನು ನೆಲದ ಎತ್ತರ ಎಂದು ಕಲ್ಪಿಸಿಕೊಳ್ಳಿ. ಎಲ್1 ಚಿತ್ರದುರ್ಗದ ಕೋಟೆಯಲ್ಲಿ ಎರಡು ಬಂಡೆಗುಡ್ಡಗಳ ನಡುವೆ ಹಾದು ಆಚೆ ಇಳಿಯುವ ದಾರಿಯ ಹಾಗೆ. ದಾರಿಯುದ್ದಕ್ಕೆ ಅದೇ ತೀರಾ ಎತ್ತರದ ಜಾಗ, ಅಡ್ಡಕ್ಕೆ ಅದೇ ತೀರಾ ತಗ್ಗು. ಎಲ್4 ಹಾಗಲ್ಲ, ಅದು ಎಲ್ಲ ಕಡೆಗೂ ಇಳಿಜಾರಿರುವ ನೆತ್ತಿ. ನೆತ್ತಿಯ ಮೇಲಿಟ್ಟ ಗುಂಡು ಉರುಳಲೇಬೇಕು, ಹಾಗಾಗಿ ಎಲ್4 ಅಸ್ಥಿರ ಎಂದು ಬರೆದು ಎಷ್ಟೋ ಜನ ಅಂಕ ಕಳೆದುಕೊಳ್ಳುತ್ತಾರೆ.

ಲೆಕ್ಕ ಹಾಕಿ. ಡಿ1 = ಡಿ2 = 1, ಎಕ್ಸ್ + ಮ್ಯೂ = 1/2, ಎಕ್ಸ್ − 1 + ಮ್ಯೂ = −1/2, ವೈ = √3/2. ಆಗ ಪಿ = 3/4, ಕ್ಯೂ = 9/4, ಎಸ್ = (3√3/4)(1 − 2ಮ್ಯೂ). ಎಲ್5ರಲ್ಲಿ ಎಸ್‌ನ ಚಿಹ್ನೆ ಋಣ, ಆದರೆ ವರ್ಗ ಮಾಡುವುದರಿಂದ ತೀರ್ಪು ಒಂದೇ. ಹಾಕಿದರೆ

ಟಿ² + ಟಿ + (27/4)ಮ್ಯೂ(1 − ಮ್ಯೂ) = 0

ಆ 4 ಇಲ್ಲದಿದ್ದರೆ ಟಿಯ ಮುಂದೆ 1 ಬದಲು −3 ಬರುತ್ತಿತ್ತು, ಎರಡೂ ಬೆಲೆ ಧನವಾಗಿ ಗುಂಡು ಉರುಳುತ್ತಿತ್ತು. ಕೊರಿಯೊಲಿಸ್ ಇರುವುದರಿಂದ ಹೀಗಾಗುತ್ತದೆ: ನೌಕೆ ಇಳಿಜಾರಿನಲ್ಲಿ ಜಾರತೊಡಗಿದ ಕೂಡಲೇ ವೇಗ ಬರುತ್ತದೆ. ವೇಗ ಬಂದ ಕೂಡಲೇ ಕೊರಿಯೊಲಿಸ್ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ತಿರುಗುತ್ತಾ ತಿರುಗುತ್ತಾ ಅದು ನೆತ್ತಿಯ ಸುತ್ತಲೇ ಸುತ್ತತೊಡಗುತ್ತದೆ. ಜಾತ್ರೆಯ ಚೆಂಡು ಎದುರು ಕುದುರೆ ಮುಟ್ಟದೆ ಪಕ್ಕಕ್ಕೆ ಹೋಯಿತಲ್ಲ, ಅದೇ ಕೆಲಸ ಇದು.

ಆದರೆ ಇದು ಯಾವಾಗಲೂ ಸಾಲದು. ಟಿ ನಿಜ ಸಂಖ್ಯೆ ಆಗಬೇಕಾದರೆ 27ಮ್ಯೂ(1 − ಮ್ಯೂ) ಒಂದಕ್ಕಿಂತ ಕಡಿಮೆ ಇರಬೇಕು. ಬಿಡಿಸಿದರೆ ಗಡಿ ಮ್ಯೂ = 1/2 − √69/18 = 0.038521. ದೊಡ್ಡ ಕಾಯ ಚಿಕ್ಕದಕ್ಕಿಂತ ಸುಮಾರು 24.96 ಪಟ್ಟು ಮೀರಿ ಭಾರ ಇದ್ದರೆ ಮಾತ್ರ ಎಲ್4 ಸ್ಥಿರ. ಭೂಮಿ ಚಂದ್ರನ 81 ಪಟ್ಟು, ಪಾಸ್. ಸೂರ್ಯ ಗುರುವಿನ ಸಾವಿರ ಪಟ್ಟಿಗೂ ಹೆಚ್ಚು, ನಿರಾಯಾಸವಾಗಿ ಪಾಸ್. 1906ರಲ್ಲಿ ಮ್ಯಾಕ್ಸ್ ವುಲ್ಫ್ ಕಂಡ ಅಕಿಲೀಸ್ ಮತ್ತು ನಂತರ ಸಿಕ್ಕ ಸಾವಿರಾರು ಟ್ರೋಜನ್ ಕ್ಷುದ್ರಗ್ರಹಗಳು ಗುರುವಿನ ಎಲ್4, ಎಲ್5ಗಳ ಸುತ್ತ ಉಳಿದುಕೊಂಡಿರುವುದು ಇದರಿಂದಲೇ. ಪ್ಲೂಟೊ ತನ್ನ ಚಂದ್ರ ಕ್ಯಾರನ್‌ಗಿಂತ ಎಂಟು ಪಟ್ಟು ಚಿಲ್ಲರೆ ಭಾರ ಅಷ್ಟೇ. ಅಲ್ಲಿ ತ್ರಿಕೋನದ ಬಿಂದುಗಳೂ ಅಸ್ಥಿರ.

ಭೂಮಿ–ಚಂದ್ರಕ್ಕೆ 27ಮ್ಯೂ(1 − ಮ್ಯೂ) = 0.32406. ಟಿ = −0.08892 ಮತ್ತು −0.91108. ಕೋನವೇಗ 0.2982 ಮತ್ತು 0.9545, ಅವಧಿ 91.6 ದಿನ ಮತ್ತು 28.6 ದಿನ. ನೌಕೆ ಈ ಎರಡೂ ತೂಗಾಟಗಳನ್ನು ಒಟ್ಟಿಗೇ ಹಾಕುತ್ತಿರುತ್ತದೆ.

ಒಂದು ಸೂಕ್ಷ್ಮ ಇದೆ. ನೇರಗೊಳಿಸಿದ ಲೆಕ್ಕ ‘ಸ್ಥಿರ’ ಎಂದರೂ, ಒಂದು ಕೋನವೇಗ ಇನ್ನೊಂದರ ಸರಿಯಾಗಿ ಎರಡು ಪಟ್ಟು ಅಥವಾ ಮೂರು ಪಟ್ಟು ಆದಾಗ ಬಿಟ್ಟುಬಿಟ್ಟ ಚಿಕ್ಕ ಪದಗಳು ತಾಳ ಸೇರಿಸಿ ತಳ್ಳಿ ಬಿಂದುವನ್ನು ಅಸ್ಥಿರ ಮಾಡುತ್ತವೆ. ಆ ಮ್ಯೂಗಳನ್ನು ನೀವೇ ಹುಡುಕಬಹುದು. ಎರಡು ಕೋನವೇಗಗಳ ವರ್ಗಗಳ ಮೊತ್ತ 1. ಎರಡು ಪಟ್ಟಾದರೆ ವರ್ಗಗಳು 4/5 ಮತ್ತು 1/5, ಗುಣಲಬ್ಧ 0.16. ಅದನ್ನು (27/4)ಮ್ಯೂ(1 − ಮ್ಯೂ)ಗೆ ಸಮ ಮಾಡಿದರೆ ಮ್ಯೂ = 0.02429. ಮೂರು ಪಟ್ಟಾದರೆ ಗುಣಲಬ್ಧ 0.09, ಮ್ಯೂ = 0.01352. ಚಂದ್ರನ 0.01215 ಇದರ ಹತ್ತಿರ ಇದೆ, ಅದೇ ಅಲ್ಲ.

ಹಂತ 6: ಕಂಪ್ಯೂಟರಿನಲ್ಲಿ ಪರೀಕ್ಷೆ

ಎಕ್ಸ್, ವೈ, ಎಕ್ಸ್′, ವೈ′ ನಾಲ್ಕನ್ನೂ ಒಂದು ಪಟ್ಟಿಯಲ್ಲಿಟ್ಟು, ಎರಡನೇ ಹಂತದ ಸಮೀಕರಣಗಳನ್ನು ಪೈಥಾನಿನ ಸೈಪೈ ಒಳಗಿನ ‘ಸಾಲ್ವ್ ಐವಿಪಿ’ಗೆ ಕೊಡಿ. ಅದು ತಾನಾಗಿ ಇಟ್ಟುಕೊಳ್ಳುವ ಸಾಪೇಕ್ಷ ನಿಖರತೆ ಸಾವಿರದಲ್ಲೊಂದು, ನಮ್ಮ ಕೆಲಸಕ್ಕೆ ತೀರಾ ಒರಟು. ಎರಡೂ ಟಾಲರೆನ್ಸ್‌ಗಳನ್ನು (ಸಾಪೇಕ್ಷ ಮತ್ತು ನಿರಪೇಕ್ಷ ದೋಷದ ಮಿತಿಗಳನ್ನು) 10ರ −12ನೇ ಘಾತಕ್ಕೆ ಇಳಿಸಿ, ಪದ್ಧತಿಯಾಗಿ ‘ಡಿಒಪಿ853’ ಆರಿಸಿ. ಪ್ರತಿ ಹೆಜ್ಜೆಗೂ ಸಿ ಲೆಕ್ಕ ಹಾಕಿಸಿ. ಅದು ಒಂಬತ್ತು ಹತ್ತನೇ ದಶಮಾಂಶದವರೆಗೆ ಕದಲಬಾರದು. ಕದಲಿದರೆ ಚಿತ್ರ ಎಷ್ಟೇ ಚೆಂದ ಬಂದಿರಲಿ, ನಂಬಬೇಡಿ.

ಮೊದಲ ಪರೀಕ್ಷೆ: ಎಲ್1ರಿಂದ ಎಕ್ಸ್ ದಿಕ್ಕಿನಲ್ಲಿ 0.000001 ಸರಿಸಿ, ವೇಗ ಸೊನ್ನೆ ಇಟ್ಟು ಬಿಡಿ. ಬಿಂದುವಿನ ಜಾಗ ಇಲ್ಲಿ ಹನ್ನೆರಡು ದಶಮಾಂಶಕ್ಕೆ ಬೇಕು. ಆರು ದಶಮಾಂಶದ ಬೆಲೆ ಹಾಕಿದರೆ ಜಾಗದ ತಪ್ಪೇ ನೀವು ಸರಿಸಿದಷ್ಟಾಗುತ್ತದೆ. ಬಿಂದುವಿನಿಂದ ದೂರದ ಲಾಗರಿದಮ್ ಅನ್ನು ಕಾಲದ ಎದುರು ಗ್ರಾಫ್ ಹಾಕಿ. ಕಾಲ 1ರಿಂದ 3ರವರೆಗೆ ಗೆರೆ ನೆಟ್ಟಗಾಗಿ ಏರು 2.93ರ ಹತ್ತಿರ ಬಂದರೆ ಹಂತ 4 ಸರಿಯಾಗಿದೆ.

ಎರಡನೆಯದು: ಎಲ್4ರಿಂದ 0.001 ಸರಿಸಿ, ಕಾಲ 200ರವರೆಗೆ ಓಡಿಸಿ. ಪಥ ಆರಂಭದ ದೂರಕ್ಕಿಂತ ಹಲವು ಪಟ್ಟು ಆಚೆ ಹೋಗಿ ಬಾಳೆಕಾಯಿಯಂತೆ ಉದ್ದುದ್ದಕ್ಕೆ ಹಬ್ಬಿದರೆ ಗಾಬರಿ ಬೇಡ. ಸ್ಥಿರ ಎಂದರೆ ಬಿಂದುವಿಗೇ ಮರಳಿ ಕೂರುತ್ತದೆ ಎಂದಲ್ಲ, ಒಂದು ಅಂಗಳ ಬಿಟ್ಟು ಹೋಗುವುದಿಲ್ಲ ಎಂದು. ಈಗ ಮ್ಯೂವನ್ನು 0.05ಕ್ಕೆ ಏರಿಸಿ, ಎಲ್4ನ ಎಕ್ಸ್ 0.45 ಎಂದು ತಿದ್ದಿ, ಮತ್ತೆ ಓಡಿಸಿ. 27ಮ್ಯೂ(1 − ಮ್ಯೂ) = 1.2825, ಗಡಿ ದಾಟಿದೆ. ಲ್ಯಾಂಬ್ಡಾದ ನಿಜ ಭಾಗ 0.182, ಅಂದರೆ ತೂಗಾಟ ಪ್ರತಿ ಸುತ್ತಿಗೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತಾ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಎಲ್4ನ ಎಕ್ಸ್ ತಿದ್ದಲು ಮರೆತರೆ ಆರಂಭದಲ್ಲೇ ದೊಡ್ಡ ಜಿಗಿತ ಕಾಣುತ್ತದೆ.

ಪೈಥಾನ್ ಬದಲು ಎಕ್ಸೆಲ್ ಹಾಳೆಯಲ್ಲಿ ಆಯ್ಲರ್ ಪದ್ಧತಿ ಹಾಕುವವರಿಗೆ ಒಂದು ಮಾತು. ಹೆಜ್ಜೆ 0.01 ಇಟ್ಟರೆ ಆ ಪದ್ಧತಿ ಪ್ರತಿ ಹೆಜ್ಜೆಗೂ ತೂಗಾಟವನ್ನು ಚೂರು ಚೂರೇ ಹಿಗ್ಗಿಸುತ್ತದೆ. ಕಾಲ 100ರ ಹೊತ್ತಿಗೆ 28.6 ದಿನದ ತೂಗಾಟ ಒಂದೂವರೆ ಪಟ್ಟು ಮೀರಿರುತ್ತದೆ. ಭೂಮಿ–ಚಂದ್ರದ ಎಲ್4 ಅಸ್ಥಿರ ಎಂಬ ಸುಳ್ಳು ತೀರ್ಮಾನಕ್ಕೆ ಇದು ಒಯ್ಯುತ್ತದೆ. ನಾಲ್ಕನೇ ದರ್ಜೆಯ ರುಂಗೆ–ಕುಟ್ಟ ಹಾಕಿದರೆ ಅದೇ ಹೆಜ್ಜೆಗೆ ಈ ತೊಂದರೆ ಇಲ್ಲ.

ಮಾದರಿಯ ಹೊರಗೆ

ಚಂದ್ರನ ಕಕ್ಷೆ ನಿಜದಲ್ಲಿ ವೃತ್ತವಲ್ಲ, ಉತ್ಕೇಂದ್ರತೆ 0.055. ಹಾಗಾಗಿ ಐದು ಬಿಂದುಗಳೂ ತಿಂಗಳಿಗೊಮ್ಮೆ ಹಿಗ್ಗಿ ಕುಗ್ಗುತ್ತವೆ. ಅದಕ್ಕಿಂತ ದೊಡ್ಡ ಅಡ್ಡಿ ಸೂರ್ಯ. ಅದರ ಎಳೆತ ಸೇರಿಸಿದಾಗ ಭೂಮಿ–ಚಂದ್ರದ ಎಲ್4 ಸುತ್ತ ನೌಕೆ ಸಣ್ಣ ಅಂಗಳದಲ್ಲಿ ಉಳಿಯುವುದಿಲ್ಲ, ತೂಗಾಟ ಬಹಳ ದೊಡ್ಡದಾಗುತ್ತದೆ. ಇದನ್ನು ನೋಡಬೇಕಾದರೆ ಆರನೇ ಹಂತದ ಪ್ರೋಗ್ರಾಮಿಗೆ ಎರಡು ಪದ ಸೇರಿಸಿ: ನೌಕೆಯ ಮೇಲೆ ಸೂರ್ಯನ ನೇರ ಎಳೆತ, ಅದರಿಂದ ಕಳೆಯಬೇಕಾದ ದ್ರವ್ಯಕೇಂದ್ರದ ಮೇಲಿನ ಎಳೆತ. ನಮ್ಮ ಅಳತೆಯಲ್ಲಿ ಸೂರ್ಯನ ದೂರ ಸುಮಾರು 389, ದ್ರವ್ಯರಾಶಿ ಸುಮಾರು 3,28,900. ಸುತ್ತುವ ಚೌಕಟ್ಟಿನಲ್ಲಿ ಅದು 29.53 ದಿನಕ್ಕೊಮ್ಮೆ ಹಿಂದುಹಿಂದಕ್ಕೆ ಸುತ್ತುತ್ತದೆ, ಮೊದಲ ಹಂತದಲ್ಲಿ ಬೇಡ ಎಂದ ಅಮಾವಾಸ್ಯೆಯ ತಿಂಗಳು ಬೇಕಾಗುವುದು ಇಲ್ಲಿ. ಕಳೆಯುವ ಎರಡನೇ ಪದ ಮರೆತರೆ ನೌಕೆ ಕೆಲವೇ ದಿನಗಳಲ್ಲಿ ಹಾಳೆಯಿಂದಲೇ ಹೊರಗೆ ಹೋಗುತ್ತದೆ. ಸೂರ್ಯನನ್ನು ಸೇರಿಸಿದ ಮೇಲೆ ಸಿ ಸ್ಥಿರವಾಗಿ ಉಳಿಯುವುದಿಲ್ಲ. ಆ ತಕ್ಕಡಿಯ ಬದಲು, ಟಾಲರೆನ್ಸ್ ಅನ್ನು ಹತ್ತು ಪಟ್ಟು ಸಡಿಲಿಸಿ ಇನ್ನೊಮ್ಮೆ ಓಡಿಸಿ ಎರಡು ಪಥಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ.